ಮನೆ ನಂಬರಿಗೊಂದು ಪುಟ

ನಮ್ಮ ಒಂಬತ್ತು ಕಟ್ಟಡಗಳಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವರು ಬಿರುಕಮ್ಮ. ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿಸಿದ ಈ ಐದೈದು ಅಂತಸ್ತಿನ ವಸತಿಗಳ ನಿರ್ವಹಣಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅವರಿಗೆ ಒಂದೇ ಕೆಲಸ, ಗೋಡೆಯ ಬಿರುಕುಗಳ ಮೇಲೆ ಕಣ್ಣಿಡುವುದು. ಭುಜಕ್ಕೊಂದು ಕ್ಯಾನ್‌ವಾಸ್ ಚೀಲ. ಅದರೊಳಗೆ ತೆಳ್ಳನೆಯ ಗಾಜಿನ ಪಟ್ಟಿಗಳು, ಒಂದು ಡಬ್ಬಿ ಪ್ಲಾಸ್ಟರ್, ಅಂಗೈಯಗಲದ ಸ್ಲೇಟು, ಸೀಮೆಸುಣ್ಣ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಮೆತ್ತಿ ಅಂಟಿಸುತ್ತಿದ್ದರು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಪಟ್ಟನೆ ಒಡೆಯುತ್ತದೆ. ಒಡೆಯಿತೆಂದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಆಗಾಗ ಬಂದು ಕಟ್ಟಡ, ಮನೆ ನಂಬರು, ತಾರೀಖು ಇಷ್ಟನ್ನು ಸ್ಲೇಟಿನ ಮೇಲೆ ಬರೆದು, ಗಾಜಿನ ಪಕ್ಕ ಹಿಡಿದು ಫೋಟೋ ತೆಗೆಯುತ್ತಿದ್ದರು.

ಬಾಗಿಲು ತಟ್ಟಿದ ಕೂಡಲೇ, "ಬೀರು ಸರಿಸಿ. ನಾನು ನಿಮ್ಮ ಮನೆ ಗುಟ್ಟು ನೋಡೋಕೆ ಬಂದಿಲ್ಲ, ಗೋಡೆ ಗುಟ್ಟು ನೋಡೋಕೆ ಬಂದಿದೀನಿ" ಅನ್ನುವುದು ಅವರ ರೂಢಿ. ಮಾತು ಒರಟು, ಕೈ ಮಾತ್ರ ಹೂವು. ಅಷ್ಟು ತೆಳ್ಳಗಿನ ಗಾಜು ಅವರ ಕೈಯಲ್ಲಿ ಒಡೆದದ್ದನ್ನು ನಾನಂತೂ ಕಂಡಿಲ್ಲ.

ಕ್ಯಾಮೆರಾ ಅವರ ಸ್ವಂತದ್ದು. ಕಚೇರಿಯಿಂದ ಒಂದು ಕೊಡಿಸಿ ಎಂದು ಮೂರು ಸಲ ಅರ್ಜಿ ಹಾಕಿದ್ದರು. ಮೂರಕ್ಕೂ ಉತ್ತರವಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಫೋಟೋಗಳ ಒಂದು ಪ್ರತಿಯನ್ನು ಕಚೇರಿಗೆ ಒಪ್ಪಿಸಿ, ಮೂಲವನ್ನು ಮನೆಯ ಕಂಪ್ಯೂಟರಿನಲ್ಲಿ "ಗೋಡೆ" ಎಂಬ ಫೋಲ್ಡರಿಗೆ ಹಾಕಿಡುತ್ತಿದ್ದರು. ನಿವೃತ್ತರಾಗುವಾಗ ಆ ಫೋಲ್ಡರಿನಲ್ಲಿ ನಾಲ್ಕು ಸಾವಿರದ ನೂರ ಹನ್ನೆರಡು ಚಿತ್ರಗಳಿದ್ದವು. ಅವರ ಜಾಗಕ್ಕೆ ಕಚೇರಿ ಯಾರನ್ನೂ ನೇಮಿಸಲಿಲ್ಲ. ಗಾಜಿನ ಪಟ್ಟಿಗಳು ಗೋಡೆಯ ಮೇಲೇ ಉಳಿದವು, ನೋಡುವವರಿಲ್ಲದೆ.

ಅವರು ನಿವೃತ್ತರಾದ ಎಂಟನೇ ತಿಂಗಳು, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಏಳನೇ ಕಟ್ಟಡದ ಎರಡನೇ ಅಂತಸ್ತಿನಲ್ಲಿ ಮೆಟ್ಟಿಲು ತಿರುಗುವ ಜಾಗದ ಕಾಂಕ್ರೀಟು ಕಳಚಿ ಬಿತ್ತು. ಅದರ ಜೊತೆಗೇ ಬಿದ್ದವರು ಮೂರನೇ ಅಂತಸ್ತಿನ ದರ್ಜಿ ಅಕ್ಕ. ಶಾಲೆಯೊಂದಕ್ಕೆ ಹೊಲಿದಿದ್ದ ಶರ್ಟುಗಳ ಗಂಟು ಹೊತ್ತು ಇಳಿಯುತ್ತಿದ್ದರು. ಸೊಂಟದ ಮೂಳೆ ಮುರಿಯಿತು, ಬಲಗೈ ಮಣಿಕಟ್ಟೂ ಎರಡು ಕಡೆ ಮುರಿಯಿತು. ಕತ್ತರಿ ಹಿಡಿದು ಮನೆ ನಡೆಸುವವರಿಗೆ ಬಲಗೈ ಹೋದರೆ ಉಳಿಯುವುದೇನು?

ನಾಲ್ಕನೇ ದಿನ ಕಚೇರಿಯ ನೋಟಿಸು ಬಂತು: "ನಿವಾಸಿಗಳು ಮೆಟ್ಟಿಲುಗಳ ಮೇಲೆ ಭಾರದ ವಸ್ತುಗಳನ್ನು ಸಾಗಿಸುವುದರಿಂದ ಇಂಥ ಅವಘಡಗಳು ಸಂಭವಿಸುತ್ತವೆ." ಭಾರದ ವಸ್ತು! ಎರಡು ಡಜನ್ ಮಕ್ಕಳ ಶರ್ಟು! ನಮ್ಮಲ್ಲಿ ಒಬ್ಬರು ಆ ನೋಟಿಸನ್ನು ಹರಿದೆಸೆದರು. ಮಾರನೆಯ ದಿನ ಅದೇ ಜಾಗದಲ್ಲಿ ಇನ್ನೊಂದು ಪ್ರತಿ ಅಂಟಿಸಿದ್ದರು. ರಿಪೇರಿಗೆ ಬಾರದ ಕಚೇರಿಗೆ ನೋಟಿಸು ಅಂಟಿಸಲು ಮಾತ್ರ ಜನ ಸಿಗುತ್ತಾರೆ.

ನಾವು ಗಲಾಟೆ ಮಾಡಿದ ಮೇಲೆ, ತನಿಖೆಗೆ ಒಪ್ಪಿದರು; ಅದಕ್ಕೆ ಮೊದಲು ಒಂದು ಸಭೆ ಕರೆದರು. ನಿರ್ವಹಣಾ ಕಚೇರಿಯ ಇಂಜಿನಿಯರು ಬಂದಿದ್ದರು. ಬಿಳಿ ಅಂಗಿ, ಸಮಾಧಾನದ ದನಿ. "ನೋಡಿ, ಮುನ್ಸೂಚನೆ ಏನೂ ಇರ್ಲಿಲ್ಲ. ಇದ್ದಿದ್ರೆ ನಾವು ಸುಮ್ನೆ ಕೂರ್ತಿದ್ವಾ? ಇಷ್ಟು ವರ್ಷದ ಫೋಟೋ ಎಲ್ಲಾನೂ ಕಚೇರಿ ವೆಬ್‌ಸೈಟಲ್ಲಿ ಹಾಕ್ಬಿಟ್ಟಿದೀವಿ. ಯಾರು ಬೇಕಾದ್ರೂ ನೋಡ್ಬಹುದು. ಮುಚ್ಚಿಡೋಕೆ ನಮ್ಮತ್ರ ಏನಿದೆ ಹೇಳಿ?"

ಹಿಂದಿನ ಸಾಲಿನಲ್ಲಿದ್ದ ಬಿರುಕಮ್ಮ ಎದ್ದು ಹೊರಟರು. ನೇರ ಮನೆಗೆ ಹೋಗಿ ಆ ಪುಟ ತೆರೆದರು. ನಾನೂ ನನ್ನ ಫೋನಿನಲ್ಲಿ ತೆರೆದಿದ್ದೆ. ನಾಲ್ಕು ಸಾವಿರ ಚಿತ್ರವೂ ಒಂದೇ ಪುಟದಲ್ಲಿ, ಒಂದರ ಕೆಳಗೊಂದು, ಉಗುರಿನಷ್ಟು ಗಾತ್ರದಲ್ಲಿ. ಹೆಸರಿನ ಜಾಗದಲ್ಲಿ ಬರೀ ಅಂಕಿ. ಯಾವ ಕಟ್ಟಡ, ಯಾವ ಮನೆ, ಯಾವ ವರ್ಷ, ಯಾವುದೂ ಇಲ್ಲ. ಕ್ರಮವೂ ಇಲ್ಲ, ಕೈಗೆ ಸಿಕ್ಕಂತೆ ಸುರಿದಿದ್ದರು. ಇನ್ನೂರು ಚಿತ್ರ ದಾಟುವಷ್ಟರಲ್ಲಿ ನನ್ನ ಫೋನು ಸತ್ತಂತೆ ನಿಂತಿತು. ಚಿತ್ರದ ಮೇಲೆ ಒತ್ತಿದರೂ ದೊಡ್ಡದಾಗುತ್ತಿರಲಿಲ್ಲ. ಹಾಕುವಾಗಲೇ ಕುಗ್ಗಿಸಿಬಿಟ್ಟಿದ್ದರು. ಬಿರುಕಮ್ಮ ಇಪ್ಪತ್ತೆರಡು ವರ್ಷ ಒಂದೊಂದು ಸಲವೂ ಬರೆದು ಒರೆಸಿ ಬರೆದಿದ್ದ ಸ್ಲೇಟು ಒಂದು ಕಪ್ಪು ಚುಕ್ಕೆಯಾಗಿತ್ತು.

ಅವರ ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವರು, ತಣ್ಣಗಿನ ಮನುಷ್ಯ. "ಹೋಗ್ಲಿ ಬಿಡು, ಹಾಕಿದಾರಲ್ಲ" ಎಂದರಂತೆ.

"ಇದನ್ನ ತೋರ್ಸೋದು ಅಂತಾರಾ? ಇದು ಬಚ್ಚಿಡೋದು. ಬೀಗ ಹಾಕಿದ್ರೆ ಬೀಗ ಇದೆ ಅಂತಾದ್ರೂ ಗೊತ್ತಾಗುತ್ತೆ. ಇವರು ಬಾಗಿಲು ತೆಗೆದಿಟ್ಟು ಒಳಗೆ ಕಸ ತುಂಬಿದಾರೆ!"

ಕೋಪದಲ್ಲಿ ಅವರು ಹೋದದ್ದು ಯಾರ ಮನೆಗೆ ಎಂದರೆ, ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ನಾದಿನಿಯ ಮನೆಗೆ. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡಿ ನಿವೃತ್ತರಾದ ಹೆಂಗಸು. ಹೆಣಿಗೆಯ ಹುಚ್ಚು. ತಾವು ಹೆಣೆದ ಸ್ವೆಟರುಗಳ ನಮೂನೆ ತೋರಿಸಲು ಸ್ವಂತ ವೆಬ್‌ಸೈಟು ಕಟ್ಟಿಕೊಂಡಿದ್ದರು, ಅದೂ ಪುಟದ ಒಂದೊಂದು ಸಾಲನ್ನೂ ಕೈಯಾರೆ ಬರೆದು. ಇಬ್ಬರ ನಡುವಿನ ಜಗಳದ ಕಥೆ ಸಣ್ಣದು. ನಾದಿನಿ ಹೊಸ ಮನೆ ಕೊಂಡಾಗ ಮೊದಲ ಸಲ ಬಂದ ಬಿರುಕಮ್ಮ, ಕೂರುವ ಮೊದಲೇ ಕೋಣೆಯ ಮೂಲೆ ನೋಡಿ, "ಈ ಗೋಡೆ ಎರಡು ವರ್ಷದಲ್ಲಿ ಬಿಡುತ್ತೆ" ಎಂದಿದ್ದರು. ನಾದಿನಿ ಮುಖ ಊದಿಸಿಕೊಂಡರು. ಎರಡೇ ವರ್ಷಕ್ಕೆ ಗೋಡೆ ಬಿಟ್ಟಿತು. ಅದು ಇನ್ನೂ ದೊಡ್ಡ ಅಪರಾಧವಾಯಿತು. ಅಕ್ಕರೆಯ ತಂಗಿಗೂ ಕಟ್ಟಿಕೊಂಡವಳಿಗೂ ನಡುವೆ ಅವರ ಗಂಡ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದರು.

ಮುಂದಿನದೆಲ್ಲ ನಾದಿನಿಯೇ ನನಗೆ ಹೇಳಿದ್ದು.

ಬಾಗಿಲು ತೆರೆದಾಗ ಅತ್ತಿಗೆ ಏದುಸಿರು ಬಿಡುತ್ತಾ ನಿಂತಿದ್ದರಂತೆ, ಕೈಯಲ್ಲಿ ಫೋಟೋಗಳನ್ನೆಲ್ಲ ತುಂಬಿಕೊಂಡಿದ್ದ ಹಾರ್ಡ್ ಡಿಸ್ಕು. "ನಿನ್ನ ಸ್ವೆಟರ್ ಪುಟದಲ್ಲಿ ನನ್ನ ಗೋಡೆಗಳಿಗೆ ಜಾಗ ಇದೆಯಾ?"

"ಮೊದ್ಲು ಕೂತ್ಕೊಳ್ಳಿ. ನನ್ನ ಗೋಡೆ ನೋಡ್ಬೇಡಿ, ಅಷ್ಟೇ."

ಆ ಮನೆ ಒಂದು ಲಾಂಡ್ರಿಯ ಹಿಂದಿದೆ. ಕಿಟಕಿಯಿಂದ ಇಸ್ತ್ರಿಯ ಹಬೆ ಒಳಗೆ ಬರುತ್ತದೆ, ಮಧ್ಯಾಹ್ನವೆಲ್ಲ ಧಬ್ ಧಬ್ ಸದ್ದು. ಅಲ್ಲಿ, ಉಲ್ಲನ್ ಉಂಡೆಗಳ ಬುಟ್ಟಿಯನ್ನು ಸರಿಸಿ, ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಮೊದಲ ದಿನವೇ ಜಟಾಪಟಿ. ಬಿರುಕಮ್ಮನಿಗೆ ಎಲ್ಲವೂ ತಾರೀಖಿನ ಕ್ರಮದಲ್ಲಿ ಬೇಕು, ಕಚೇರಿಯ ರಿಜಿಸ್ಟರಿನಂತೆ. ನಾದಿನಿ ಒಪ್ಪಲಿಲ್ಲ.

"ರಿಜಿಸ್ಟರು ಬರೆಯೋರಿಗೆ ಅನುಕೂಲ, ಅತ್ತಿಗೆ. ಹುಡುಕೋಕೆ ಬರೋರಿಗೆ ಏನು ಗೊತ್ತಿರುತ್ತೆ? ತಾರೀಖು ಗೊತ್ತಿರಲ್ಲ. ಫೋಟೋ ನಂಬರ್ ಗೊತ್ತಿರಲ್ಲ. ಮನೆ ನಂಬರ್ ಗೊತ್ತಿರುತ್ತೆ. ಅಲ್ಲಿಂದ ಶುರು ಮಾಡ್ಬೇಕು."

ಬಿರುಕಮ್ಮ ಗುರಾಯಿಸಿ, "ಸರಿ, ಹಾಗೇ ಮಾಡು" ಎಂದರಂತೆ. ಅತ್ತಿಗೆಯ ಬಾಯಿಂದ "ಸರಿ" ಕೇಳಿದ್ದು ಅದೇ ಮೊದಲು ಎಂದು ನಾದಿನಿ ಈಗಲೂ ಹೇಳಿಕೊಂಡು ತಿರುಗುತ್ತಾರೆ.

ಆರು ವಾರದ ಮಧ್ಯಾಹ್ನಗಳು ಹೋದವು. ಬಿರುಕಮ್ಮ ಒಂದೊಂದೇ ಚಿತ್ರವನ್ನು ಹಿಗ್ಗಿಸಿ ಸ್ಲೇಟು ಓದುವುದು, ನಾದಿನಿ ಆ ಕಡತಕ್ಕೆ ಹೊಸ ಹೆಸರು ಕೊಡುವುದು: ಕಟ್ಟಡ, ಅಂತಸ್ತು, ಮನೆ, ಜಾಗ, ತಾರೀಖು. ಒಂದೇ ದೊಡ್ಡ ಫೋಲ್ಡರು ಒಂಬತ್ತಾಯಿತು, ಒಂಬತ್ತರೊಳಗೆ ಐದೈದು, ಅದರೊಳಗೆ ಮನೆಗೊಂದು. ಪ್ರತಿ ಚಿತ್ರಕ್ಕೂ ಬೇಗ ತೆರೆದುಕೊಳ್ಳುವ ಒಂದು ಸಣ್ಣ ಪ್ರತಿ. ಅದನ್ನು ಒತ್ತಿದರೆ ಸ್ಲೇಟಿನ ಅಕ್ಷರ ಓದುವಷ್ಟು ದೊಡ್ಡದು. ಅಡಿಯಲ್ಲಿ ಒಂದು ಸಾಲಿನ ವಿವರ. ಪಕ್ಕದಲ್ಲಿ "ಹಿಂದಿನದು", "ಮುಂದಿನದು" ಎಂಬ ಎರಡು ಗುಂಡಿ, ಒಂದೇ ಗೋಡೆಯ ಚಿತ್ರಗಳನ್ನು ಒಂದಾದ ಮೇಲೊಂದು ನೋಡಲು. ಅರವತ್ತಮೂರು ಚಿತ್ರಗಳಲ್ಲಿ ಮನೆಯವರ ಒಳಬಟ್ಟೆ, ಮಲಗಿದ ಮಗು, ಔಷಧಿಯ ಸೀಸೆಗಳು ಬಿದ್ದಿದ್ದವು. ಅವನ್ನು ಪಕ್ಕಕ್ಕಿಟ್ಟು, ಮನೆಮನೆಗೆ ಹೋಗಿ ಕೇಳಿ, ಬೇಡ ಅಂದವರದನ್ನು ಕೈಬಿಟ್ಟರು. ಕಚೇರಿಯವರು ಅದನ್ನೆಲ್ಲ ಹಾಗೇ ಜಗತ್ತಿನ ಮುಂದೆ ಹರವಿದ್ದರು, ಕೇಳುವ ಸೌಜನ್ಯವೂ ಇಲ್ಲದೆ.

ಐದನೇ ವಾರ ಏಳನೇ ಕಟ್ಟಡದ ಮೆಟ್ಟಿಲು ಬಂತು. ನಾದಿನಿ "ಮುಂದಿನದು" ಒತ್ತುತ್ತಾ ಹೋದರು. ಗಾಜು ಸರಿಯಿದೆ. ಗಾಜು ಸರಿಯಿದೆ. ಆಮೇಲೆ, ಕುಸಿತಕ್ಕೆ ಹದಿನಾಲ್ಕು ತಿಂಗಳ ಮೊದಲಿನ ಚಿತ್ರದಲ್ಲಿ, ಗಾಜು ನಟ್ಟನಡುವೆ ಒಡೆದಿದೆ. ಮುಂದಿನ ಚಿತ್ರ ಅದಾದ ಒಂದು ತಿಂಗಳಿನದು. ಗಾಜೇ ಇಲ್ಲ. ಬಿರುಕೂ ಇಲ್ಲ. ನುಣ್ಣಗೆ ಪುಟ್ಟಿ ತುಂಬಿ ಹಸಿರು ಬಣ್ಣ ಬಳಿದ ಗೋಡೆ, ಪಕ್ಕದಲ್ಲಿ ಸ್ಲೇಟು. ಸ್ಲೇಟಿನ ಮೇಲೆ ಬಿರುಕಮ್ಮನ ದುಂಡು ಅಕ್ಷರ: "ಬಿರುಕು ಕಾಣುವುದಿಲ್ಲ."

ಕಚೇರಿಯ ಪುಟದಲ್ಲಿ ಈ ಎರಡು ಚಿತ್ರಗಳ ನಡುವೆ ಒಂಬೈನೂರು ಚಿತ್ರಗಳಿದ್ದವು. ಇಲ್ಲಿ ಅವು ಒಂದು ಬೆರಳಿನ ಒತ್ತಿನಷ್ಟು ದೂರ.

ಬಿರುಕಮ್ಮ ಕುರ್ಚಿ ಹಿಂದಕ್ಕೆ ತಳ್ಳಿದರು. "ದೊಡ್ಡ ಅಧಿಕಾರಿಗಳು ನೋಡೋಕೆ ಬರ್ತಾರೆ ಅಂತ ಮೆಟ್ಟಿಲಿಗೆಲ್ಲ ಬಣ್ಣ ಹೊಡೆಸಿದ್ರು. ಗಾಜು ಒಡೆದಿದೆ ಅಂತ ನಾನು ರಿಜಿಸ್ಟರಲ್ಲಿ ಬರೆದಿದ್ದೆ. ಆ ಇಂಜಿನಿಯರು ಗಾಜನ್ನೇ ಕೆರೆದು ತೆಗೆಸಿಬಿಟ್ಟಿದ್ದ. ನಾನು ಕೇಳಿದ್ದಕ್ಕೆ, 'ಈಗ ಬಿರುಕು ಕಾಣುತ್ತಾ? ಕಾಣಲ್ಲ ಅಲ್ವಾ? ಹಾಗಾದ್ರೆ ಹಾಗೇ ಬರೀರಿ' ಅಂದ. ಬರೆದೆ."

"ಅತ್ತಿಗೆ, ಇದೊಂದು ಫೋಟೋ ಹಾಕ್ದೇ ಇದ್ರೂ ಯಾರಿಗೂ ತಿಳಿಯಲ್ಲ" ಎಂದರು ನಾದಿನಿ, ಮೆಲ್ಲಗೆ.

"ನನಗೆ ತಿಳಿಯುತ್ತಲ್ಲ! ಅವನು ಬಣ್ಣ ಬಳಿದ, ನಾನು ಅದಕ್ಕೆ ರುಜು ಹಾಕ್ದೆ. ಅವನ ಮೇಲೆ ಇಷ್ಟು ದಿನ ಹಲ್ಲು ಕಡಿದೆನಲ್ಲ, ನನ್ನ ಹಲ್ಲು ನಂಗೇ ಚುಚ್ಚಬೇಕು." ಆಮೇಲೆ ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು, ಒಂದು ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ, ಆ ಚಿತ್ರದ ಅಡಿ ಬರೆದರು: "ಇಲ್ಲಿ ಬಿರುಕು ಇತ್ತು. ಬಣ್ಣದ ಕೆಳಗಿದೆ ಎಂದು ನನಗೆ ಗೊತ್ತಿತ್ತು. ಮೇಲಿನವರು ಹೇಳಿದ್ದಕ್ಕೆ ಹೀಗೆ ಬರೆದೆ. ಬರೆಯಬಾರದಿತ್ತು."

ಪುಟ ಎಲ್ಲರಿಗೂ ತೆರೆಯುವ ಮೊದಲು ಅವರು ದರ್ಜಿ ಅಕ್ಕನ ಮನೆಗೆ ಹೋದರು. ದರ್ಜಿ ಅಕ್ಕ ಆಸ್ಪತ್ರೆಯಿಂದ ಬಂದು ಮಗನ ಮನೆಯಲ್ಲಿದ್ದರು. ಮಂಚದ ಪಕ್ಕ ಹೊಲಿಗೆ ಯಂತ್ರ, ಅದರ ಮೇಲೆ ಮುಸುಕು. ನಾದಿನಿ ಜೊತೆಗಿದ್ದರು. ಬಿರುಕಮ್ಮ ಸುತ್ತಿಬಳಸದೆ ಆ ಮೆಟ್ಟಿಲಿನ ಚಿತ್ರಗಳನ್ನೆಲ್ಲ ತೋರಿಸಿದರು.

ದರ್ಜಿ ಅಕ್ಕ ಒಂದೊಂದನ್ನೇ ನೋಡಿದರು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ದಿನಕ್ಕೆ ಆರು ಸಲ ಅಲ್ಲಿ ಹತ್ತಿ ಇಳೀತಿದ್ದೆ. ನೀವು ಎದುರಿಗೆ ಸಿಕ್ಕಾಗ ನಗ್ತಿದ್ರಿ. 'ಹುಷಾರಾಗಿ ಇಳೀರಿ' ಅಂತ ಒಂದು ಮಾತು ಹೇಳೋಕೆ ನಾಲಿಗೆ ಬರ್ಲಿಲ್ವಾ? ಅದಕ್ಕೂ ಇಂಜಿನಿಯರ್ ಅಪ್ಪಣೆ ಬೇಕಿತ್ತಾ?"

ಬಿರುಕಮ್ಮ ತಲೆ ತಗ್ಗಿಸಿ ನಿಂತರು. ಅವರು ಯಾರ ಮುಂದಾದರೂ ಹಾಗೆ ನಿಂತದ್ದನ್ನು ನಾದಿನಿ ಕಂಡಿರಲಿಲ್ಲವಂತೆ.

"ಹಾಕಿ" ಎಂದರು ದರ್ಜಿ ಅಕ್ಕ, ಮುಖ ಗೋಡೆಯ ಕಡೆ ತಿರುಗಿಸಿ. "ಎಲ್ಲಾರೂ ನೋಡ್ಲಿ. ಅವನ ಬಣ್ಣಾನೂ ನೋಡ್ಲಿ, ನಿಮ್ಮ ಬರಹಾನೂ ನೋಡ್ಲಿ."

ಮರುದಿನ ಬೆಳಿಗ್ಗೆ ಪ್ರತಿ ಕಟ್ಟಡದ ಬಾಗಿಲಲ್ಲಿ ಒಂದು ಚೀಟಿ ಅಂಟಿತ್ತು: ವೆಬ್‌ಸೈಟಿನ ವಿಳಾಸ, ಅದರಡಿ "ನಿಮ್ಮ ಮನೆ ನಂಬರು ಒತ್ತಿ." ಪುಟ ತೆರೆದರೆ ಮೇಲೆ "ಕೈಹೆಣಿಗೆಯ ನಮೂನೆಗಳು" ಎಂಬ ಶೀರ್ಷಿಕೆ, ಕುತ್ತಿಗೆಪಟ್ಟಿ, ಕಾಲುಚೀಲ, ಅದರ ಕೆಳಗೆ "ನಮ್ಮ ಗೋಡೆಗಳು." ನಗು ಬಂದರೂ ನಗಲಾಗಲಿಲ್ಲ. ನಾನು ನನ್ನ ಮನೆಯ ನಂಬರು ಒತ್ತಿದೆ. ಅಡುಗೆಮನೆಯ ತೊಲೆಯ ಕೆಳಗೆ ಹನ್ನೊಂದು ಚಿತ್ರಗಳು, ಹನ್ನೊಂದರಲ್ಲೂ ಗಾಜು ಗಟ್ಟಿಯಾಗಿತ್ತು. ಎದುರುಮನೆಯವರು ತಮ್ಮದನ್ನು ನೋಡಿ ಮಕ್ಕಳ ಮಂಚವನ್ನು ಆ ಗೋಡೆಯಿಂದ ಆಚೆ ಎಳೆದರು. ಆ ದಿನ ನಮ್ಮ ಮೆಟ್ಟಿಲುಗಳಲ್ಲಿ ಯಾರೂ ಬೇರೆ ಮಾತಾಡಲಿಲ್ಲ. "ನಿಮ್ದು ನೋಡಿದ್ರಾ?" "ನಮ್ದು ಎರಡು ಒಡೆದಿದೆ." "ನಮಗೆ ಯಾರೂ ಹೇಳೇ ಇಲ್ವಲ್ಲ!"

ಮೂರನೇ ದಿನ ಇಂಜಿನಿಯರ ಫೋನು.

"ಅಮ್ಮಾ, ಆ ಫೋಟೋಗಳು ಕಚೇರಿ ಆಸ್ತಿ. ತಕ್ಷಣ ತೆಗೀರಿ."

"ಕ್ಯಾಮೆರಾ ನಂದು. ನೀವು ಕೊಡ್ಲಿಲ್ಲ. ನಾನು ಕೇಳಿದ ಅರ್ಜಿ ಮೂರೂ ಇದೆ, ಅವನ್ನೂ ಹಾಕ್ಲಾ?"

"ಜನರಲ್ಲಿ ಸುಮ್ನೆ ಭಯ ಹುಟ್ಟಿಸ್ತಿದೀರಿ."

"ಭಯ ನಾನು ಹುಟ್ಟಿಸ್ತಿಲ್ಲ. ಗೋಡೆ ಹುಟ್ಟಿಸ್ತಿದೆ. ಹೇಗೂ ನೀವೂ ಅದೇ ಫೋಟೋ ಹಾಕಿದೀರಲ್ಲ? ಯಾರು ಬೇಕಾದ್ರೂ ನೋಡ್ಬಹುದು ಅಂದ್ರಲ್ಲ? ನೋಡ್ತಿದಾರೆ. ಈಗ್ಯಾಕೆ ಹೊಟ್ಟೆಯುರಿ?"

ಫೋನು ಕಟ್ಟಾಯಿತು. ನೋಟಿಸು ಬಂತು. ಅದನ್ನೂ ನಾದಿನಿ ಫೋಟೋ ತೆಗೆದು ಪುಟಕ್ಕೇರಿಸಿದರು.

ತನಿಖೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇರೆ ಇಲಾಖೆಯಿಂದ ಬಂದಿದ್ದ ತನಿಖಾಧಿಕಾರಿ ಮಿತಭಾಷಿ ಹೆಂಗಸು. ಪರದೆಯ ಮೇಲೆ ಬಿರುಕಮ್ಮನ ಪುಟವನ್ನು ತಾವೇ ತೆರೆದು, ಏಳು, ಎರಡು, ಮೆಟ್ಟಿಲು ಎಂದು ಒತ್ತಿದರು. ಒಡೆದ ಗಾಜು. ಮುಂದಿನದು. ಹಸಿರು ಬಣ್ಣ. ಸಭಾಂಗಣದಲ್ಲಿ ಯಾರೋ ಹಲ್ಲು ಕಡಿದದ್ದು ಕೇಳಿಸಿತು.

ಇಂಜಿನಿಯರು ಥಟ್ಟನೆ ಎದ್ದರು. ಸಮಾಧಾನದ ದನಿ ಎಲ್ಲೋ ಹೋಗಿತ್ತು. "ನೋಡಿ ಮೇಡಂ! ಬಿರುಕು ಕಾಣುವುದಿಲ್ಲ ಅಂತ ಇವರೇ ಬರೆದಿದಾರೆ. ಇವರದೇ ಅಕ್ಷರ! ಇವರ ಮಾತು ನಂಬಿ ನಾವು ಸುಮ್ನಿದ್ವಿ. ತಪ್ಪು ಯಾರದು ಈಗ?"

ನನ್ನ ಮೈ ಉರಿದುಹೋಯಿತು. ತಾನು ಬರೆಸಿದ ಸುಳ್ಳನ್ನೇ ತನ್ನ ಕೊಡೆಯಾಗಿ ಬಿಚ್ಚಿಕೊಂಡ ಮನುಷ್ಯ!

ತನಿಖಾಧಿಕಾರಿ ಬಿರುಕಮ್ಮನ ಕಡೆ ತಿರುಗಿದರು. "ಇದು ನಿಮ್ಮ ಬರಹಾನಾ?"

"ಹೌದು, ನಂದೇ. ತಪ್ಪೂ ನಂದೇ. ಕೆಳಗೆ ಬರೆದಿದೀನಿ, ಓದಿ." ಬಿರುಕಮ್ಮ ಪರದೆಯ ಕಡೆ ಬೆರಳು ತೋರಿದರು. "ಆದ್ರೆ ಅಲ್ಲಿಗೆ ನಿಲ್ಲಿಸ್ಬೇಡಿ. ಮುಂದಿನದು ಒತ್ತಿ."

ಒತ್ತಿದರು. ಬಣ್ಣ ಬಳಿದ ಎರಡು ತಿಂಗಳ ನಂತರದ ಚಿತ್ರ. ಹಸಿರು ಬಣ್ಣವನ್ನು ಸೀಳಿಕೊಂಡು ಅದೇ ಬಿರುಕು, ಅದೇ ಜಾಗದಲ್ಲಿ, ಮೊದಲಿಗಿಂತ ಅಗಲವಾಗಿ. ಸ್ಲೇಟಿನ ಮೇಲೆ: "ಬಿರುಕು ಮತ್ತೆ ತೆರೆದಿದೆ. ಹೊಸ ಗಾಜು ಬೇಕು. ಮೆಟ್ಟಿಲು ಮುಚ್ಚಬೇಕು."

"ಇದನ್ನೂ ರಿಜಿಸ್ಟರಲ್ಲಿ ಬರೆದೆ. ಇವರು ರುಜು ಹಾಕಿದಾರೆ. ರಿಜಿಸ್ಟರು ತರಿಸಿ" ಎಂದು ಬಿರುಕಮ್ಮ ಕೂತರು.

ರಿಜಿಸ್ಟರು ತರಿಸಲು ಎರಡು ಗಂಟೆ ಹಿಡಿಯಿತು. ಮೊದಲು ಕಪಾಟಿನ ಕೀಲಿ ಕಳೆದಿದೆ ಎಂದರು, ಆಮೇಲೆ ಗುಮಾಸ್ತ ರಜದಲ್ಲಿದ್ದಾನೆ ಎಂದರು. ತನಿಖಾಧಿಕಾರಿ ಕದಲದೆ ಕೂತರು, ನಾವೂ ಕೂತೆವು. ಕೊನೆಗೆ ಬಂತು. ರುಜು ಇತ್ತು.

ಅದಾದ ಹತ್ತು ದಿನಕ್ಕೆ ಏಳನೇ ಕಟ್ಟಡವನ್ನು ಖಾಲಿ ಮಾಡಿಸಿ, ಸುತ್ತ ಉಕ್ಕಿನ ಆಸರೆ ಕೊಟ್ಟರು. ನಾಲ್ಕನೆಯದರಲ್ಲಿ ಹದಿನೆಂಟು ಮನೆಯವರು ತಮ್ಮ ತಮ್ಮ ಪುಟ ಹಿಡಿದು ಕಚೇರಿಯ ಮುಂದೆ ನಿಂತರು; ಆ ಗೋಡೆಗಳಿಗೂ ಕೆಲಸ ಶುರುವಾಯಿತು. ತಪ್ಪು ಕಚೇರಿಯದೇ ಎಂದು ದರ್ಜಿ ಅಕ್ಕನಿಗೆ ಬರವಣಿಗೆಯಲ್ಲಿ ಬಂತು. ಬರವಣಿಗೆಯಿಂದ ಮಣಿಕಟ್ಟು ತಿರುಗುವುದಿಲ್ಲ. ಈಗ ಬಟ್ಟೆ ಕತ್ತರಿಸುವುದು ಸೊಸೆ; ಅತ್ತೆ ಪಕ್ಕದಲ್ಲಿ ಕೂತು ಗೆರೆ ಹೇಳುತ್ತಾರೆ, ಸೊಸೆ ತಪ್ಪಿದರೆ ಬೈಯುತ್ತಾರೆ.

ಇಂಜಿನಿಯರಿಗೆ ಏನಾಯಿತು? ವರ್ಗವಾಯಿತು, ಅದೇ ಹುದ್ದೆಗೆ, ಇನ್ನೊಂದು ಊರಿನ ಇನ್ನೊಂದಷ್ಟು ಕಟ್ಟಡಗಳ ಮೇಲೆ. ಅಲ್ಲಿನ ಜನಕ್ಕೆ ಒಬ್ಬ ಬಿರುಕಮ್ಮ ಇದ್ದಾಳೋ ಇಲ್ಲವೋ. ನಮ್ಮ ಬಿರುಕಮ್ಮನಿಗೆ ಬಂದದ್ದು ಒಂದು ಛೀಮಾರಿ ಪತ್ರ, "ವಾಸ್ತವಕ್ಕೆ ವಿರುದ್ಧವಾದ ನಮೂದು" ಮಾಡಿದ್ದಕ್ಕೆ. ಬರೆಸಿದವನಿಗೆ ಹೊಸ ಊರು, ಬರೆದವಳಿಗೆ ಛೀಮಾರಿ! ನಾವು ಸಹಿ ಸಂಗ್ರಹಿಸಿ ವಿರೋಧಿಸೋಣ ಎಂದೆವು. ಬಿರುಕಮ್ಮ ಬೇಡವೆಂದರು. "ನಂಗೆ ಕೊಟ್ಟಿದ್ದು ಸರಿ ಇದೆ. ಅವನಿಗೆ ಕೊಡದೇ ಇದ್ದದ್ದಕ್ಕೆ ಬೇಕಾದ್ರೆ ಸಹಿ ಹಾಕಿ." ಇನ್ನೂರ ಹತ್ತು ಸಹಿ ಹೋಗಿವೆ. ಉತ್ತರ ಬಂದಿಲ್ಲ. ದರ್ಜಿ ಅಕ್ಕನ ಸಹಿಯೂ ಅದರಲ್ಲಿದೆ, ಎಡಗೈಯದು. ಬಿರುಕಮ್ಮನ ಜೊತೆ ಅವರಿನ್ನೂ ಮಾತಾಡುವುದಿಲ್ಲ.

ಹೋದ ವಾರ ಹೊಸ ಇಂಜಿನಿಯರು ನಮ್ಮ ಮೂರನೇ ಕಟ್ಟಡಕ್ಕೆ ಬಂದಿದ್ದರು, ಗಾಜು ಅಂಟಿಸುವುದನ್ನು ಕಲಿಯಲು. ನಾವು ಒತ್ತಾಯ ಮಾಡಿ ಕರೆಸಿದ್ದು. ಬಿರುಕಮ್ಮ ಏಣಿಯ ಮೇಲೆ ನಿಂತು, ಕಚೇರಿಯ ಹಳೆಯ ಪುಟದಲ್ಲಿ ಈಗ "ಅಭಿವೃದ್ಧಿಯಲ್ಲಿದೆ" ಎಂದು ಬೋರ್ಡು ಹಾಕಿರುವುದರ ಬಗ್ಗೆ ಬೆಂಕಿಯುಗುಳುತ್ತಿದ್ದರು. ಹೊಸಬರು ಪಾಪ, ವಿನಯದಿಂದ, "ಅಮ್ಮಾ, ಎಲ್ಲಾ ಮುಗೀತಲ್ಲ, ಈ ವಯಸ್ಸಲ್ಲಿ ಇಷ್ಟು ಸಿಟ್ಟು ಒಳ್ಳೇದಲ್ಲ" ಎಂದರು.

"ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದರು ಬಿರುಕಮ್ಮ. "ಎರಡೂ ಕೈಯಲ್ಲಿ."